ಅಮ್ಮನ ಕನ್ನಡಕವಿಲ್ಲದ ಫೋಟೊ

ಪರದೆಯ ಬೆಳಕು ಅವಳ ಭುಜದ ಮೇಲೂ ಬಿದ್ದಿದೆ, ಹೊಸ ಬಟ್ಟೆ, ಇಸ್ತ್ರಿಯ ಗೆರೆ ಇನ್ನೂ ಮುರಿದಿಲ್ಲ, ನನ್ನ ತಮ್ಮನ ಹೆಂಡತಿ, ಎರಡು ವರ್ಷದ ಹಿಂದೆ ಈ ಸೇವಾಸಂಸ್ಥೆಯ ಆಫೀಸಿಗೆ ನಾನೇ ಕೈಹಿಡಿದು ಕರೆತಂದವಳು, ಈಗ ಅವಳು ಮೈಕಿನ ಮುಂದೆ, ನಾನು ಮೂರನೇ ಸಾಲಿನಲ್ಲಿ — ಪರದೇಶದ ಸಮ್ಮೇಳನಕ್ಕೆ ಒಬ್ಬರನ್ನೇ ಕಳಿಸುತ್ತಾರಂತೆ, ಊಟದ ಹೊತ್ತಿಗೆ ಹೆಸರು ಹೇಳುತ್ತಾರಂತೆ, ಆ ಒಬ್ಬರು ನಾನಲ್ಲ, ಅಷ್ಟೂ ತಿಳಿಯದ ಪೆದ್ದಿಯಲ್ಲ ನಾನು. ಮೂರು ವರ್ಷದ ಸಮೀಕ್ಷೆ, ಸಾವಿರದ ಇನ್ನೂರು ಮನೆ, ಬಾಗಿಲು ತಟ್ಟಿ ತಟ್ಟಿ ಬೆರಳ ಗೆಣ್ಣು ದಪ್ಪವಾಯಿತು, ಕಂಡದ್ದನ್ನೇ ಬರೆದೆ, ಮನೆಗೆ ಎರಡೇ ಮಕ್ಕಳು, ಲಸಿಕೆ ಆಗಿದೆ, ಹುಡುಗಿಯರು ಹೈಸ್ಕೂಲಿಗೆ ಹೋಗುತ್ತಾರೆ, ಬೇಕಾಗಿರುವುದು ಬೆಳಗ್ಗೆ ಆರಕ್ಕೆ ಕಾರ್ಖಾನೆ ಕಡೆಗೊಂದು ಬಸ್ಸು. ಹೊರದೇಶದ ಸಲಹೆಗಾರ ಹಾಳೆ ಮಗುಚಿ, ಅನುಕೂಲಸ್ಥರ ಮನೆಗಳಿಗೇ ಹೋಗಿದ್ದೀರೇನೋ, ಇದು ಬಡ ದೇಶ ಅನ್ನಿಸುವುದೇ ಇಲ್ಲವಲ್ಲ ಅಂದ, ನಾನೂ ಹೌದೇನೋ ಎಂದು ಮತ್ತೆ ನಲವತ್ತು ಮನೆ ಸುತ್ತಿದೆ, ಅದೇ ಉತ್ತರ. ಇವಳು ಹೋದದ್ದು ಒಂದೇ ಮನೆಗೆ, ನಮ್ಮ ಮನೆಗೆ. ಫೋಟೊಗೆ ಮುಂಚೆ ಫ್ರಿಜ್ಜಿಗೆ ಬೆಡ್‌ಶೀಟ್ ಹೊದಿಸುವುದು ನಮ್ಮ ಆಫೀಸಿನ ಹಳೇ ಪದ್ಧತಿ, ನಾನೂ ಹೊದಿಸಿದ್ದೇನೆ, ಸುಳ್ಳು ಯಾಕೆ, ಆದರೆ ಅಮ್ಮನ ಕನ್ನಡಕ ತೆಗೆಸುವುದು ನನಗೆ ಹೊಳೆದಿರಲಿಲ್ಲ — ಹೊಳೆದಿದ್ದರೆ ಬಿಡುತ್ತಿದ್ದೆನೇ? ಅತ್ತೇ, ಒಂದ್ನಿಮಿಷ ಕನ್ನಡಕ ತೆಗೀರಿ, ಮುಖ ಸಪ್ಪಗೆ ಮಾಡ್ಕೊಳ್ಳಿ ಅಂದಳಂತೆ, ನಿನ್ನ ಗಂಡನ್ನ ನೆನೆಸ್ಕೊಂಡ್ರೆ ಸಾಕು ಕಣೇ, ತಾನಾಗೇ ಸಪ್ಪಗಾಗುತ್ತೆ ಅಂತ ಅಮ್ಮ ನಕ್ಕಳಂತೆ, ಆ ನಗು ಫೋಟೊದಲ್ಲಿಲ್ಲ, ಮೂಗಿನ ಎರಡೂ ಬದಿ ಕನ್ನಡಕ ಕೂತ ಕೆಂಪು ಗುಳಿ ಇದೆ, ಪರದೆಯ ಮೇಲೆ ಅಂಗೈಯಗಲ, ಇಷ್ಟು ಜನರಲ್ಲಿ ಒಬ್ಬರಿಗೂ ಕಾಣುತ್ತಿಲ್ಲವೇ. ಸಂಜೆ ಕಾಲೇಜಿನಿಂದ ಬಂದು ನಾನು ತೂಕಡಿಸಿದರೆ ಅದೇ ಕನ್ನಡಕ ಏರಿಸಿ ನನ್ನ ಪಾಠ ತಾನೇ ಓದಿ ಹೇಳುತ್ತಿದ್ದವಳು — ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ಇವಳು, ಎಲ್ಲಿ ತಡೆಯಬೇಕೋ ಅಲ್ಲೇ ತಡೆಯುತ್ತಾಳೆ, ಹೊಟ್ಟೆಕಿಚ್ಚು ಅಂತ ಹೆಸರಿಟ್ಟವರು ಉರಿದೇ ಇಟ್ಟಿರಬೇಕು. ಈ ತಾಯಿಗೆ ಓದಲು ಬರುತ್ತದೆಯೇ, ಸಲಹೆಗಾರ ಕೇಳುತ್ತಿದ್ದಾನೆ, ಅವಳು ಮೈಕು ಸರಿಮಾಡುತ್ತಿದ್ದಾಳೆ, ನಿರ್ದೇಶಕರು ನನ್ನ ಕಡೆ ತಿರುಗಿ, ನೀವು ಆ ಬೀದಿಯವರೇ ಅಲ್ವಾ, ನೀವೇ ಹೇಳಿ, ಅದು ನಮ್ಮಮ್ಮ ಅಂತ ಅವರಿಗೆ ಗೊತ್ತಿಲ್ಲ. ನಿಜ ಹೇಳಿದರೆ ಅವಳು ಬೀಳುತ್ತಾಳೆ, ಸಮ್ಮೇಳನಕ್ಕೆ ನಾನು ಹೋಗಬಹುದು, ಅದಕ್ಕೇ ಬಾಯಿಬಿಟ್ಟಳು ಅನ್ನುತ್ತಾರೆ, ಅನ್ನಲಿ, ಆದರೆ ಅದಕ್ಕೇ ತಾನೇ ಬಿಡುತ್ತಿರುವುದು, ಅಲ್ಲವೇ, ನಿಜಕ್ಕಾಗಿಯೋ ಕಿಚ್ಚಿಗಾಗಿಯೋ ನನಗೇ ಗೊತ್ತಾಗದೆ ಹೇಗೆ — ಎದ್ದು ನಿಂತಿದ್ದೇನೆ, ಇಲ್ಲ ಸಾರ್, ಓದೋಕೆ ಬರಲ್ಲ, ಯಾರ ದನಿ ಇದು, ಅವನು ಬರೆದುಕೊಳ್ಳುತ್ತಿದ್ದಾನೆ, ಅವಳು ಕಣ್ಣಲ್ಲೇ ಕೈಮುಗಿಯುತ್ತಿದ್ದಾಳೆ, ಬೇಡ, ನನಗೆ ಮುಗಿಯಬೇಡ, ಗೋಡೆಯಗಲ ಅಮ್ಮ, ಮೂಗಿನ ಆ ಕಡೆ ಒಂದು, ಈ ಕಡೆ ಒಂದು, ಕೆಂಪು ಗುಳಿ, ಆ ಕಡೆ ಒಂದು, ಈ ಕಡೆ