ಉದುರದ ಕಪ್ಪು ಎಳೆ

ಗೆಳೆಯ ಕಾಮೆಯ ಹೆಗಲಿಗೆ ಹೊದಿಸಿದ್ದ ಬಿಳಿ ಬಟ್ಟೆಯನ್ನು ಟೊಕುಜಿ ಮೂರನೇ ಸಲ ಕೊಡವಿದ. ಆ ಒಂದು ಕಪ್ಪು ಕೂದಲೆಳೆ ಮಾತ್ರ ಉದುರಲೊಲ್ಲದು.

"ಏನೋ ಅದು, ಹೆಗಲೇ ಕಿತ್ತು ಬರೋ ಹಾಗೆ ಕೊಡವ್ತಿದ್ದೀಯ?"

"ಕೂದಲು ಕಣೋ, ಕಪ್ಪಗಿದೆ."

"ನನ್ನ ತಲೇಲಿ ಕಪ್ಪು ಕೂದಲಾ? ಎಲ್ಲಾ ಬೆಳ್ಳಗಾಗಿ ಹತ್ತು ವರ್ಷ ಆಯ್ತಲ್ಲೋ!"

ಟೊಕುಜಿ ತಲೆಯೆತ್ತಿ ಗೋಡೆ ನೋಡಿದ. ಎಳೆ ಅಲ್ಲಿಗೂ ಬಂತು. ಆದರೂ ಕತ್ತಿ ಹಿಡಿದು ಕ್ಷೌರಕ್ಕೆ ನಿಂತ.

ನಾಗಸಾಕಿಯ ಆ ಏರುಬೀದಿಯಲ್ಲಿ ಅವನೂ ಹೆಂಡತಿ ಮಿತ್ಸುಯೆಯೂ ಮೂವತ್ತೆರಡು ವರ್ಷದಿಂದ ಕ್ಷೌರದಂಗಡಿ ನಡೆಸುತ್ತಿದ್ದರು. ಟೊಕುಜಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡು ಹನ್ನೊಂದು ವರ್ಷ. ಕಣ್ಣು ತೋರಿಸಿಕೊಳ್ಳಿ ಎಂದು ವೈದ್ಯರು ಹೇಳಿದಾಗಲೆಲ್ಲ, "ನೋವಿಲ್ಲ, ಉರಿಯಿಲ್ಲ, ಯಾಕೆ ಹೋಗಲಿ?" ಎನ್ನುತ್ತಿದ್ದ.

ಕತ್ತಿ ತಾಗಿ ಕಾಮೆ "ಹಾ!" ಎಂದ. ಕಿವಿಯ ಕೆಳಗೆ ರಕ್ತ ಒಸರಿತು. ಮಿತ್ಸುಯೆ ಓಡಿಬಂದು ಗಂಡನ ಕೈಯಿಂದ ಕತ್ತಿ ತೆಗೆದುಕೊಂಡಳು. ಕಾಮೆ "ಗೀರು ಅಷ್ಟೇ" ಎಂದು ನಗುತ್ತಾ ಹೋದ ಮೇಲೆ ಬಾಗಿಲು ಹಾಕಿದಳು.

"ಎಷ್ಟು ದಿನದಿಂದ ಕಾಣ್ತಿಲ್ಲ?"

"ಕಾಣತ್ತೆ. ಎಡಗಣ್ಣಲ್ಲಿ ಒಂಚೂರು ಹೊಗೆ, ಅಷ್ಟೇ."

"ಎಷ್ಟು ದಿನದಿಂದ, ರೀ?"

"ಹೊಸವರ್ಷದಿಂದ. ಹೇಳಿದ್ರೆ ನೀನು ಕತ್ತಿ ಕಿತ್ಕೋತಿದ್ದೆ. ಕತ್ತಿ ಇಲ್ಲದೆ ನಾನ್ಯಾರು, ಹೇಳು?"

"ಅವರ ಕುತ್ತಿಗೆ ಕೊಯ್ದಿದ್ರೆ ಯಾರಾಗ್ತಿದ್ರಿ?"

ಟೊಕುಜಿ ಎದ್ದು ಚಪ್ಪಲಿ ಮೆಟ್ಟಿದ.

ಆಸ್ಪತ್ರೆಯಲ್ಲಿ ವೈದ್ಯೆ ಬಹಳ ಹೊತ್ತು ನೋಡಿದರು. ಎಡಗಣ್ಣಿನೊಳಗೆ ರಕ್ತ ಸೋರಿತ್ತು, ಹಿಂದಿನ ಪರದೆ ಕಿತ್ತುಬಂದಿತ್ತು. "ಆಪರೇಷನ್ ಮಾಡಿದರೂ ಈ ಕಣ್ಣು ಮೊದಲಿನ ಹಾಗೆ ಆಗೋದಿಲ್ಲ. ಬಲಗಣ್ಣಲ್ಲೂ ಶುರುವಾಗಿದೆ. ಅದನ್ನ ಲೇಸರ್‌ನಿಂದ ಉಳಿಸೋಕೆ ನೋಡೋಣ. ಎರಡು ವರ್ಷ ಮುಂಚೆ ಬಂದಿದ್ರೆ..." ಎಂದರು.

ಆಮೇಲೆ ಕತ್ತಿ ಮಿತ್ಸುಯೆಯ ಪಾಲಾಯಿತು. ಟೊಕುಜಿ ಗಿರಾಕಿಗಳ ತಲೆ ತೊಳೆದ, ನೆಲ ಗುಡಿಸಿದ. ಕಾರಣ ಕೇಳಿದವರಿಗೆ ಭುಜನೋವು ಎಂದ.

ತಿಂಗಳ ಬಳಿಕ ಕಾಮೆ ಬಂದ. "ನಿನ್ನ ಭುಜ ಹೇಗಿದೆಯೋ? ನಂಗೂ ಸಕ್ಕರೆ ಏರಿದೆಯಂತೆ. ಕಣ್ಣು ತೋರಿಸು ಅಂತಾರೆ, ನಂಗೆ ಎಲ್ಲಾ ಚೆನ್ನಾಗೇ ಕಾಣತ್ತಪ್ಪ!"

ಪೊರಕೆ ಹಿಡಿದಿದ್ದ ಕೈ ನಿಂತಿತು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು.

"ನಂಗೂ ಚೆನ್ನಾಗೇ ಕಾಣ್ತಿತ್ತು," ಎಂದ ಟೊಕುಜಿ, ಎಲ್ಲರಿಗೂ ಕೇಳುವಂತೆ. "ಭುಜನೋವಲ್ಲ ಕಣೋ. ನನ್ನ ಎಡಗಣ್ಣು ಹೋಗಿದೆ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೊರಟಿದ್ದೀನಿ. ನೀನೂ ಬಾ."

ಮರುದಿನ ಕಾಮೆ ಬೀದಿಯ ಮೆಟ್ಟಿಲ ಬಳಿ, ಮುಖ ಗಂಟಿಕ್ಕಿಕೊಂಡಾದರೂ, ಕಾಯುತ್ತಿದ್ದ. ಟೊಕುಜಿ ಅವನತ್ತ ತೋಳು ಚಾಚಿದ.

"ಎಡಗಡೆ ಬಾರೋ. ಆ ಕಡೆ ನಂಗೆ ಕಾಣಲ್ಲ."