ದಾರಿಯ ಡ್ಯೂಟಿ ಪಟ್ಟಿ

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ವಾರವಿಡೀ ನಿಂತೇ ಹೊದಿಕೆ ಮಡಚುವ ಹೆಂಗಸಿಗೆ ರಜೆಯ ದಿನ ನಡೆಯುವ ಹುಚ್ಚು ಯಾಕೆ ಹಿಡಿಯಬೇಕು? ಕೇಳಿದ್ದರೆ ಅವಳೇ ನಿಜ ಹೇಳುತ್ತಿದ್ದಳು. ನಡೆಯುವ ಆಸೆಯೇನೂ ಅವಳಿಗಿರಲಿಲ್ಲ, ಗಂಡನ ಜೊತೆ ಎರಡು ದಿನ ಇರಬೇಕಿತ್ತು ಅಷ್ಟೇ. ನಡೆಯಲು ಆರಿಸಿಕೊಂಡದ್ದು ಬೆಟ್ಟಸಾಲಿನುದ್ದಕ್ಕೂ ಸಾಗುವ ನಾನೂರು ಕಿಲೋಮೀಟರಿನ ಕಾಲುದಾರಿ. ಒಂದೇ ಸಲ ಮುಗಿಸುವುದು ಇಬ್ಬರ ಕೈಲೂ ಆಗದ ಮಾತು. ಹಾಗಾಗಿ ಇಪ್ಪತ್ತು ಕಂತು: ತಿಂಗಳಿಗೊಂದು ಶನಿವಾರ-ಭಾನುವಾರ ನಡೆಯುವುದು, ನಿಲ್ಲಿಸಿದ ಕಡೆಯಿಂದ ಮುಂದಿನ ತಿಂಗಳು ಶುರು ಮಾಡುವುದು.

ಗಂಡ ಬಸ್ ಡಿಪೋದಲ್ಲಿ ಡ್ಯೂಟಿ ಹಾಕುವ ಗುಮಾಸ್ತ. ಯಾವ ಬಸ್ಸಿಗೆ ಯಾವ ಡ್ರೈವರ್, ಅವನು ಕೈಕೊಟ್ಟರೆ ಬದಲಿ ಯಾರು ಎಂದು ಗೆರೆ ಎಳೆದು ಬರೆಯುವುದರಲ್ಲೇ ಹನ್ನೊಂದು ವರ್ಷ ಸವೆಸಿದ್ದ. ಕಾಲುದಾರಿಗೂ ಅಂಥದ್ದೇ ಪಟ್ಟಿ ಮಾಡಿದ್ದ. ಎರಡು ವರ್ಷದಲ್ಲಿ ಅದನ್ನು ಏಳು ಸಲ ತಿದ್ದಿ ಬರೆದಿದ್ದ. ನಡೆದದ್ದು ಮಾತ್ರ ಸೊನ್ನೆ. ಹೊರಡುವ ಹೊತ್ತಿಗೆ ಸರಿಯಾಗಿ ಡಿಪೋದಿಂದ ಫೋನ್ ಬರುತ್ತಿತ್ತು, ಅವನು ಓಡುತ್ತಿದ್ದ, ಅವಳು ಕಟ್ಟಿದ ಚೀಲ ಬಿಚ್ಚುತ್ತಿದ್ದಳು. ಈ ಸಲವೂ ತಪ್ಪಿದರೆ ಇನ್ನು ಚೀಲ ಕಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು. ಜಗಳವಾಡುವಷ್ಟು ತ್ರಾಣವೂ ಉಳಿದಿರಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಶೂ ಹಾಕಿಕೊಳ್ಳುತ್ತಿದ್ದಾಗ, ಬಸ್ಸಿನ ಸಮಯ ನೋಡೋಣವೆಂದು ಪಟ್ಟಿ ಬಿಡಿಸಿದಳು. ಅವಳ ಹೆಸರಿನ ಮುಂದೆ, 'ಬದಲಿ' ಎಂಬ ಕಾಲಂನಲ್ಲಿ, ಅವಳ ತಮ್ಮನ ಹೆಸರು. ಇಪ್ಪತ್ತು ಕಂತಿಗೂ.

"ರೀ, ನನಗೂ ಬದಲಿ ಹಾಕಿದ್ದೀರಾ?"

"ರೂಢಿ ಕಣೇ. ಒಂದು ಹೆಸರು ಬರೆದ್ರೆ ಪಕ್ಕದಲ್ಲಿ ಇನ್ನೊಂದು ಬರೀದೆ ಕೈ ನಿಲ್ಲಲ್ಲ."

"ಹೆಂಡತಿ ಬರದಿದ್ರೆ ಭಾವಮೈದ. ಚೆನ್ನಾಗಿದೆ. ಮತ್ತೆ ನಿಮ್ಮ ಹೆಸರಿನ ಮುಂದೆ ಯಾಕೆ ಖಾಲಿ?"

ಅವನು ಶೂ ದಾರ ಹಿಡಿದುಕೊಂಡೇ ಕುಳಿತ. "ನನಗೆ ಯಾರಿದ್ದಾರೆ ಬದಲಿ? ಡಿಪೋದಲ್ಲೂ ಆ ಜಾಗ ಖಾಲೀನೇ."

ಮುಖ ತಿರುಗಿಸಿಕೊಳ್ಳಬೇಕೆಂದಿದ್ದವಳು ಅವನನ್ನೇ ನೋಡಿದಳು. ಎರಡು ವರ್ಷದಿಂದ ತಾನೊಬ್ಬಳೇ ದಣಿದಿದ್ದೇನೆ ಎಂದುಕೊಂಡಿದ್ದಳು.

ಆಗಲೇ ಫೋನ್ ಬಂತು. ಅವನು ಕೈ ಚಾಚುವಷ್ಟರಲ್ಲಿ ಅವಳೇ ಎತ್ತಿಕೊಂಡಳು.

"ಸಾಹೇಬರಿಲ್ವಾ?" ಡಿಪೋ ಕಾವಲುಗಾರನ ದನಿ. "ಏಳು ಗಂಟೆ ಬಸ್ಸಿನ ಡ್ರೈವರಿಗೆ ಜ್ವರವಂತೆ."

"ನಾನು ಅವರ ಬದಲಿ," ಅಂದಳು. "ಮೀಸೆ ಡ್ರೈವರಿಗೆ ನಿನ್ನೆ ರಜೆ ಇತ್ತಲ್ಲ, ಅವರನ್ನ ಕರೆಸಿ. ಗೊಣಗ್ತಾರೆ, ಆದ್ರೆ ಬರ್ತಾರೆ. ಅವರು ಸಿಗದಿದ್ರೆ ಎರಡನೇ ಪಾಳಿಯ ಕುಳ್ಳಣ್ಣ."

ಹನ್ನೊಂದು ವರ್ಷ ಊಟದ ತಟ್ಟೆಯ ಮುಂದೆ ಡಿಪೋ ಪುರಾಣ ಕೇಳಿಸಿಕೊಂಡದ್ದಕ್ಕೆ ಅಷ್ಟಾದರೂ ಬರಬೇಡವೇ! ಫೋನಿಟ್ಟು ತಿರುಗುವಷ್ಟರಲ್ಲಿ ಅವನು ಪೆನ್ಸಿಲ್ ತೆಗೆದು ತನ್ನ ಖಾಲಿ ಜಾಗದಲ್ಲಿ ಅವಳ ಹೆಸರು ತುಂಬಿಬಿಟ್ಟಿದ್ದ.

"ಅದೂ ನನ್ನ ತಲೆಗೇ ಕಟ್ಟಿದ್ರಾ?" ಅವಳಿಗೆ ನಗು ಬಂತು, ಸಿಟ್ಟೂ ಬಂತು. ಪೆನ್ಸಿಲ್ ಕಿತ್ತುಕೊಂಡು ತಮ್ಮನ ಹೆಸರನ್ನು ಇಪ್ಪತ್ತು ಸಾಲಿನಲ್ಲೂ ಹೊಡೆದುಹಾಕಿದಳು. "ನಡೀರಿ, ಬಸ್ಸು ನಮಗೋಸ್ಕರ ನಿಲ್ಲಲ್ಲ."

ಫೋನನ್ನು ಮೇಜಿನ ಮೇಲೇ ಬಿಟ್ಟು ಹೊರಗೆ ಬಂದರು. ಅವಳ ಪಾದಗಳಲ್ಲಿ ನಿನ್ನೆಯ ಊತ ಇನ್ನೂ ಇಳಿದಿರಲಿಲ್ಲ. ಅವನು ಬೀಗ ಹಾಕುತ್ತಿದ್ದಾಗ ಒಳಗೆ ಫೋನ್ ಮತ್ತೆ ಬಡಿದುಕೊಳ್ಳತೊಡಗಿತು. ಬೀಗದ ಮೇಲೆ ಅವನ ಕೈ ನಿಂತುಹೋಯಿತು. ಅವಳಿಗೆ ಹೇಳಿ ಹೇಳಿ ಸಾಕಾಗಿತ್ತು. ಚೀಲವನ್ನು ಹೆಗಲಿಗೇರಿಸಿ ನಿಂತಳು.

ಫೋನ್ ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ಅವನು ಬೀಗ ಹಾಕಿ ಮುಗಿಸಿ, ಕೀಲಿಯನ್ನು ಅವಳ ಕೈಗೆ ಕೊಟ್ಟು, ಚೀಲವನ್ನು ತಾನು ತೆಗೆದುಕೊಂಡು ಮೆಟ್ಟಿಲಿಳಿದ.