ಮೊದಲ ಮೀನು

ಕೊಬ್ಬರಿ ಎಣ್ಣೆ ಸವರಿ ಎಷ್ಟು ತಿಕ್ಕಿದರೂ ಅಪ್ಪನ ಎಡ ಹೆಬ್ಬೆರಳಿನ ಮಸಿ ಹೋಗುತ್ತಿರಲಿಲ್ಲ. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ. ಮಣ್ಣು ಮಾಡುವ ತನಕ ಇದು ಯಾರ ಕಣ್ಣಿಗೂ ಬೀಳದಿದ್ದರೆ ಸಾಕು ಎಂದುಕೊಂಡ ಶಿವರಂಜಿನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಪ್ಪ ಸತ್ತಿದ್ದಾನೆ, ತನಗೆ ಮಸಿಯ ಚಿಂತೆ.

ಅಂಗಳದಲ್ಲಿ ಚಟ್ಟ ಸಿದ್ಧವಾಗಿ ಗಂಟೆಯಾಗಿತ್ತು. ಹೆಗಲು ಕೊಡುವವರಿರಲಿಲ್ಲ. ಡ್ಯಾಮಿನಲ್ಲಿ ಮೀನು ಹಿಡಿಯುವ ಎಂಟು ಮನೆಯ ಗಂಡಸರೂ ಬೇವಿನ ಮರದಡಿ ಬೀಡಿ ಸೇದುತ್ತ ನಿಂತಿದ್ದರು.

"ಎತ್ರಲಾ, ಬಿಸ್ಲೇರ್ತಾ ಅದೆ," ಎಂದಳು ಸೋದರತ್ತೆ ಚಿಕ್ಕನಿಂಗಮ್ಮ.

"ನೀರ್ನಾಯಿ ಕೊಂದಿರ್ಲಿ ಬುಡ್ಲಿ, ಒಪ್ಕಂಡೋನು ನಿಮ್ಮಣ್ಣ. ಬಲೆ ಕಳ್ಕಂಡೋರು ನಾವು," ಅವರಲ್ಲೊಬ್ಬ ನಿಂಗರಾಜು ಬೀಡಿ ಎಸೆದ. "ಎಂಟ್ ಮನೇದೂ ಫಾರೆಸ್ಟ್‌ನೋರು ಒತ್ಕಂಡೋದ್ರು. ಆ ನೀರ್ನಾಯೇ ಬಂದು ಎತ್ಲಿ ಬುಡವ್ವ."

ಯಾರೋ ನಕ್ಕರು.

*

ದಿನಾ ಬೆಳಿಗ್ಗೆ ಅಪ್ಪ ಮಾದಣ್ಣ ಬಲೆಗೆ ಬಿದ್ದ ಮೊದಲ ಮೀನನ್ನು ನೀರುನಾಯಿಗೆಂದು ನಡುನೀರಿನ ಬಂಡೆಯ ಮೇಲಿಡುತ್ತಿದ್ದ. "ಅದರ ಪಾಲು ಅದ್ಕೆ ಕೊಟ್ಬುಟ್ರೆ ಬಲೆ ಅರಿಯಾಕಿಲ್ಲ ಕಣಮ್ಮಿ. ಅದ್ಕೂ ಮರಿ ಅವೆ."

ಡ್ಯಾಮಿನ ಮೀನು ಹರಾಜು ಹಿಡಿದ ಕಂಟ್ರಾಕ್ಟರನ ಕಡೆಯವರು ನೀರಿಗೆ ತೋಟೆ ಸಿಡಿಸಿ ಮೀನು ಬಾಚಿಕೊಂಡು ಹೋದ ಮಾರನೆಯ ದಿನ ಎರಡು ನೀರುನಾಯಿಗಳು ಸತ್ತು ತೇಲಿದವು. ಫಾರೆಸ್ಟ್ ಗಾರ್ಡ್ ಗಂಗಾಧರಸ್ವಾಮಿಗೆ ಕಂಡದ್ದು ಬಂಡೆಯ ಮೇಲಿನ ಮೀನು ಮಾತ್ರ. ಅಪ್ಪನನ್ನು ಆಫೀಸಿನ ಹೊರಗೆ ಕೂರಿಸಿ ಶಿವರಂಜಿನಿಯನ್ನು ಒಳಗೆ ಕರೆದ.

"ಮೀನಿಟ್ಟು ಕರೆದು ಕೊಂದೆ ಅಂತ ಬರಿಯಮ್ಮ. ಡಿಗ್ರಿ ಮಾಡಿದೀಯ, ಅಕ್ಷರ ದುಂಡಗಿರ್ತವೆ. ಬರೆದ್ರೆ ಮನೆಗೆ. ಇಲ್ದಿದ್ರೆ ನಿಮ್ಮಪ್ಪ ಜೈಲಿಗೆ."

ಬಲಮೂಲೆಯಲ್ಲಿ ೧೪-೩-೧೯೯೬ ಎಂದು ಹಾಕಿ, ಒಂದು ತಪ್ಪೂ ಇಲ್ಲದೆ ಬರೆದಳು. ದಿನಾ ಬರೆಯುತ್ತಿದ್ದ ತನ್ನ ಡೈರಿಯಲ್ಲಿ ಅಂದಿನ ಪುಟ ಮಾತ್ರ ಖಾಲಿ ಉಳಿಯಿತು.

ಓದು ಬಾರದ ಅಪ್ಪ ಬೆರಳಿಗೆ ಮಸಿ ಹಚ್ಚಿಸಿಕೊಂಡು ಕೇಳಿದ: "ಇದ್ದುದ್ದೇ ಬರ್ದಿದೀಯೇನಮ್ಮಿ?"

"ಊಂ ಕಣಪ್ಪ."

ಮರುದಿನ, ಆ ಕಾಗದದ ನೆಪದಲ್ಲಿ ಬಲೆ ಕಳೆದುಕೊಂಡವರು ಮನೆ ಮುಂದೆ ಬಂದು "ಯಾಕ್ಲಾ ಒಪ್ಕಂಡೆ?" ಎಂದು ಕೂಗಾಡಿದರು. ಅಪ್ಪ ಒಮ್ಮೆ ಅವಳ ಕಡೆ ನೋಡಿದ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಡ್ಯಾಮಿನ ಕಡೆ ನಡೆದ. ನಾಲ್ಕನೆಯ ದಿನ ಡ್ಯಾಮಿನ ದಡದಲ್ಲಿ ಕೂತವನು ಕೂತಲ್ಲೇ ವಾಲಿದ.

*

ಬೈಕು ನಿಂತಿತು. ಗಂಗಾಧರಸ್ವಾಮಿ ಸೇವಂತಿಗೆ ಹಾರ ಹಿಡಿದು ಬಂದು ಹೆಣದ ಕೊರಳಿಗೆ ಹಾಕಿದ.

"ಒಳ್ಳೆ ಮನುಷ್ಯ. ಮಾಡಿದ ತಪ್ಪು ಒಪ್ಕೊಂಡ."

ಶಿವರಂಜಿನಿ ಹಾರ ಕಿತ್ತು ಅವನ ಬೂಟಿನ ಮೇಲೆ ಎಸೆದಳು. ಅಪ್ಪನ ತಣ್ಣನೆಯ ಕೈಯನ್ನು ಮರದಡಿಯವರಿಗೆ ಕಾಣುವಂತೆ ಎತ್ತಿ ಹಿಡಿದಳು. ಎಣ್ಣೆಯಲ್ಲಿ ನೀಲಿ ಹೊಳೆಯಿತು.

"ಅಪ್ಪ ಕೊಲ್ಲಿಲ್ಲ, ಒಪ್ಕೊಳ್ಳೂ ಇಲ್ಲ. ಇವ್ರು ಹೇಳಿದ್ರು, ನಾನು ಬರೆದೆ. ಇದ್ದುದ್ದೇ ಬರ್ದಿದೀನಿ ಅಂತ ಸುಳ್ಳು ಹೇಳಿ ಈ ಬೆರಳು ಒತ್ತಿಸ್ದೋಳು ನಾನು."